ಉಗಿ ಎಂಜಿನ್: ಬಣ್ಣ ಬಳಿದರೆ ಸಾಲದು

ಮುಂಡಗೋಡ ತಾಲ್ಲೂಕಿನ ಸನವಳ್ಳಿಗೆ ರೈಲು ಬಂದದ್ದಿಲ್ಲ. ಅಲ್ಲಿನವರು ರೈಲು ಹತ್ತಬೇಕೆಂದರೆ ಸಾಮಾನ್ಯವಾಗಿ ಹುಬ್ಬಳ್ಳಿಗೆ ಬರಬೇಕು. ಗಾಡಿಗೆ ಇನ್ನೂ ಹೊತ್ತಿದ್ದರೆ 2020ರ ಆಗಸ್ಟ್‌ನಲ್ಲಿ ಆರಂಭವಾದ ರೈಲು ಸಂಗ್ರಹಾಲಯಕ್ಕೆ ಒಂದು ಸುತ್ತು ಹೋಗಿಬರಬಹುದು. ಇಂಥ ಸಂಗ್ರಹಾಲಯಗಳಲ್ಲಿ ಹಳೆಯ ಎಂಜಿನ್ ಕಂಡ ಮಕ್ಕಳು ಕೇಳುವ ಮೊದಲ ಪ್ರಶ್ನೆ, ‘ಇದು ಈಗ ಓಡುತ್ತದೆಯೇ?’ ಎಂಬುದು. ಇಲ್ಲ ಎಂದು ಹೇಳುವುದು ಸುಲಭ. ಓಡಿಸಬೇಕಾದರೆ ಏನೇನು ಬೇಕು ಎಂದು ವಿವರಿಸುವುದು ಅಷ್ಟು ಸುಲಭವಲ್ಲ.

ಉತ್ತರ ಕನ್ನಡಕ್ಕೂ ಉಗಿಬಂಡಿಗೂ ಹಳೆಯ ನಂಟು. ದಾಂಡೇಲಿಯ ಕಾಡಿನ ಮರ ಸಾಗಿಸಲು 1919ರಲ್ಲಿ ಅಳ್ನಾವರದಿಂದ ಮಾರ್ಗ ಹಾಕಲಾಯಿತು. 1990ರ ದಶಕದಲ್ಲಿ ನಿಂತುಹೋದ ಪ್ರಯಾಣಿಕರ ಸಂಚಾರ ಅಲ್ಲಿ ಮತ್ತೆ ಆರಂಭವಾದದ್ದು 2019ರಲ್ಲಿ. ಅದು ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿದ್ದ ಮಾರ್ಗ. ಅದಕ್ಕಿಂತ ಕಿರಿದಾದದ್ದು ನ್ಯಾರೋಗೇಜ್: ಎರಡೂವರೆ ಅಡಿ ಅಥವಾ ಎರಡೇ ಅಡಿ. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರಗಳನ್ನು ಜೋಡಿಸಿದ್ದ ಎರಡೂವರೆ ಅಡಿಯ ಮಾರ್ಗ ಕರ್ನಾಟಕದ್ದೇ. ಅದೂ ಹಂತಹಂತವಾಗಿ ಬ್ರಾಡ್‌ಗೇಜ್ ಆಯಿತು. ಕೋಲಾರ–ಚಿಕ್ಕಬಳ್ಳಾಪುರ ಭಾಗದಲ್ಲಿ ಬ್ರಾಡ್‌ಗೇಜ್ ರೈಲು ಓಡಿದ್ದು 2013ರಲ್ಲಿ.

ಹಾಗಾಗಿ ನ್ಯಾರೋಗೇಜಿನ ಉಗಿ ಎಂಜಿನ್ ಇಂದೂ ಹೊಗೆಯಾಡುವುದನ್ನು ನೋಡಬೇಕಾದರೆ ಡಾರ್ಜಿಲಿಂಗ್‌ಗೆ ಹೋಗಬೇಕು. 1881ರಲ್ಲಿ ಪೂರ್ಣಗೊಂಡ ಎರಡು ಅಡಿಯ ಈ ಬೆಟ್ಟದ ರೈಲನ್ನು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ‘ಬಿ’ ವರ್ಗದ ಎಂಜಿನ್‌ಗಳ ತಯಾರಿಕೆ ಶುರುವಾದದ್ದು 1889ರಲ್ಲಿ. ಮೊದಲು ತಯಾರಿಸಿದ ಬ್ರಿಟನ್ನಿನ ಶಾರ್ಪ್ ಸ್ಟುವರ್ಟ್ ಕಂಪನಿ 1903ರಲ್ಲಿ ನಾರ್ತ್ ಬ್ರಿಟಿಷ್ ಕಂಪನಿಯಲ್ಲಿ ಲೀನವಾಯಿತು. ಅದೂ 1962ರಲ್ಲಿ ಮುಚ್ಚಿತು. ಎಂಜಿನ್ ಉಳಿದಿದೆ, ಬಿಡಿಭಾಗ ಕಳುಹಿಸುವವರು ಉಳಿದಿಲ್ಲ.

ಹಂಡೆಯ ಪಾಠ

ಉಗಿ ಎಂಜಿನ್ನಿನ ತತ್ವ ಸರಳ. ಕಲ್ಲಿದ್ದಲು ಉರಿದ ಬಿಸಿ ಅನಿಲ ಬಾಯ್ಲರಿನೊಳಗಿನ ಹತ್ತಾರು ಕೊಳವೆಗಳ ಮೂಲಕ ಹಾದುಹೋಗುತ್ತದೆ. ಕೊಳವೆಗಳ ಸುತ್ತಲಿನ ನೀರು ಕುದಿದು ಉಗಿಯಾಗುತ್ತದೆ. ಆ ಉಗಿ ಸಿಲಿಂಡರಿನಲ್ಲಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಗಾಲಿಯನ್ನು ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಹೊರಗೆ ನುಗ್ಗುವಾಗ ಕೇಳುವುದೇ ನಮಗೆಲ್ಲ ಗೊತ್ತಿರುವ ‘ಚುಕುಬುಕು’. ಹಾಗೆ ನುಗ್ಗುವ ಉಗಿ ಒಲೆಯೊಳಕ್ಕೆ ಗಾಳಿಯನ್ನೂ ಸೆಳೆಯುತ್ತದೆ. ಎಂಜಿನ್ ಹೆಚ್ಚು ದುಡಿದಷ್ಟೂ ಬೆಂಕಿ ತಾನಾಗಿಯೇ ಜೋರಾಗುತ್ತದೆ.

ತೊಂದರೆ ಇರುವುದು ನೀರಿನಲ್ಲಿ. ಬಚ್ಚಲ ಹಂಡೆಯೊಳಗೆ ವರ್ಷಗಟ್ಟಲೆ ನೀರು ಕಾಯಿಸಿದರೆ ಬಿಳಿಯ ಪೊರೆ ಕಟ್ಟುತ್ತದಲ್ಲವೇ? ಬಾಯ್ಲರಿನಲ್ಲೂ ಹಾಗೆಯೇ. ಪೊರೆ ದಪ್ಪವಾದರೆ ಶಾಖ ನೀರಿಗೆ ತಲುಪದೆ ಲೋಹವೇ ಕಾಯ್ದು ದುರ್ಬಲವಾಗುತ್ತದೆ. ಆದ್ದರಿಂದ ನಿಗದಿತ ಅವಧಿಗೊಮ್ಮೆ ಬೆಂಕಿ ಆರಿಸಿ, ಬಾಯ್ಲರನ್ನು ನಿಧಾನವಾಗಿ ತಣಿಸಿ, ಬಿರಡೆಗಳನ್ನು ಬಿಚ್ಚಿ, ರಭಸದ ನೀರಿನಿಂದ ತೊಳೆಯಬೇಕು. ಇಲ್ಲಿ ಅವಸರ ಸಲ್ಲದು. ತಟ್ಟನೆ ತಣಿಸಿದರೂ ತಟ್ಟನೆ ಕಾಯಿಸಿದರೂ ಲೋಹ ಬಿರುಕು ಬಿಡಬಹುದು. ತಣ್ಣಗಾದ ಎಂಜಿನ್ನಿನಲ್ಲಿ ಮತ್ತೆ ಉಗಿ ಏರಿಸಲು ಗಂಟೆಗಟ್ಟಲೆ ಬೇಕು.

‘ಬಿ’ ವರ್ಗದ ಬಾಯ್ಲರಿನ ಒತ್ತಡ ಚದರ ಅಂಗುಲಕ್ಕೆ 140 ಪೌಂಡ್. ಕಾರಿನ ಟೈರಿನಲ್ಲಿರುವುದು ಸುಮಾರು 30 ಪೌಂಡ್. ಇಷ್ಟು ಒತ್ತಡದ ಪಕ್ಕದಲ್ಲೇ ಚಾಲಕ ಮತ್ತು ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ನಿಂತಿರುತ್ತಾರೆ. ನೀರಿನ ಮಟ್ಟ ಅಪಾಯಕಾರಿಯಾಗಿ ಇಳಿದರೆ ಒಲೆಯ ಮೇಲ್ಭಾಗದ ಬಿರಡೆಯೊಳಗಿನ ಸೀಸ ಕರಗಿ, ಉಗಿ ಒಲೆಯೊಳಕ್ಕೆ ನುಗ್ಗಿ ಎಚ್ಚರಿಸುತ್ತದೆ. ದುರಸ್ತಿಯಾದ ಬಾಯ್ಲರನ್ನು ಮೊದಲು ಪರೀಕ್ಷಿಸುವುದು ಉಗಿಯಿಂದಲ್ಲ, ನೀರಿನಿಂದ. ನೀರು ತುಂಬಿ, ಮಾಮೂಲಿಗಿಂತ ಹೆಚ್ಚು ಒತ್ತಡ ಕೊಟ್ಟು ನೋಡುತ್ತಾರೆ. ಉಗಿಯಂತೆ ನೀರು ಹಿಗ್ಗಿ ಸಿಡಿಯುವುದಿಲ್ಲ. ಎಲ್ಲಾದರೂ ಬಿರುಕಿದ್ದರೆ ನೀರು ಸೋರುತ್ತದೆ ಅಷ್ಟೆ.

ಕಿವಿ ಮತ್ತು ಕೈ

ಉಳಿದ ಕೆಲಸದಲ್ಲಿ ಯಂತ್ರಕ್ಕಿಂತ ಅನುಭವ ದೊಡ್ಡದು. ಒಲೆಯ ಗೋಡೆಯನ್ನು ಹಿಡಿದಿಡುವ ಸರಳುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಸದ್ದಿನಿಂದಲೇ ಮುರಿದದ್ದು ಯಾವುದೆಂದು ಗುರುತಿಸುವುದು ಹಳೆಯ ಪದ್ಧತಿ. ಗಾಲಿಯ ಉಕ್ಕಿನ ಪಟ್ಟಿ ಸವೆದರೆ ಹೊಸದನ್ನು ಕಾಯಿಸಿ, ಹಿಗ್ಗಿದಾಗ ತೊಡಿಸಿ, ತಣಿಯಲು ಬಿಡುತ್ತಾರೆ. ನಮ್ಮ ಕಮ್ಮಾರರು ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುವ ವಿದ್ಯೆಯೇ ಇದು. ಅಂಗಡಿಯಲ್ಲಿ ಸಿಗದ ಭಾಗಕ್ಕೆ ಮೊದಲು ಮರದ ಅಚ್ಚು, ಅನಂತರ ಎರಕ, ಕೊನೆಗೆ ಕಡೆಯುವ ಕೆಲಸ. ಡಾರ್ಜಿಲಿಂಗ್ ಮಾರ್ಗದ ತಿಂಧಾರಿಯಾ ಕಾರ್ಯಾಗಾರ ಇಂಥ ಕೆಲಸದಲ್ಲಿ ಪಳಗಿದ್ದು. ‘ಬಿ’ ವರ್ಗದ ಕೆಲವು ಎಂಜಿನ್‌ಗಳನ್ನು ಅಲ್ಲಿಯೇ ಕಟ್ಟಿದ್ದೂ ಉಂಟು.

ಈ ವಿದ್ಯೆ ಕಲಿಸುವವರು ಎಷ್ಟು ಕಾಲ ಇರುತ್ತಾರೆ? ಲೆಕ್ಕ ಹಾಕಿ ನೋಡಬಹುದು. ಭಾರತದ ಬ್ರಾಡ್‌ಗೇಜಿನಲ್ಲಿ ದೈನಂದಿನ ಉಗಿ ಸಂಚಾರ ಕೊನೆಗೊಂಡದ್ದು 1995ರ ಡಿಸೆಂಬರ್‌ನಲ್ಲಿ. ಆ ವರ್ಷ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗನಿಗೂ ಈಗ ಐವತ್ತು ದಾಟಿದೆ. ಅವನಿಗೆ ಕಲಿಸಿದವರು ನಿವೃತ್ತರಾಗಿ ಎಷ್ಟೋ ಕಾಲವಾಗಿದೆ. 1885ರಲ್ಲಿ ಸದರ್ನ್ ಮರಾಠಾ ರೈಲ್ವೆ ಸ್ಥಾಪಿಸಿದ ಹುಬ್ಬಳ್ಳಿ ಕಾರ್ಯಾಗಾರವೂ ಒಂದು ಕಾಲಕ್ಕೆ ಉಗಿ ಎಂಜಿನ್‌ಗಳ ಮನೆಯಾಗಿತ್ತು. ಅಲ್ಲಿ ದುಡಿದವರ ಕೈಯಲ್ಲಿದ್ದ ಕುಶಲತೆಗೆ ಯಾವ ಸಂಗ್ರಹಾಲಯದಲ್ಲೂ ಗಾಜಿನ ಪೆಟ್ಟಿಗೆ ಇಲ್ಲ.

ಆದರೂ ಎಲ್ಲವೂ ಮುಗಿದಿಲ್ಲ. ನೀಲಗಿರಿಯ ಬೆಟ್ಟದ ರೈಲು ಮೀಟರ್ ಗೇಜಿನದು, 2005ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದಕ್ಕಾಗಿ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರ 2010ರ ದಶಕದಲ್ಲಿ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿತು. ಅಂದರೆ ಕೆಲಸ ಕೊಟ್ಟರೆ ವಿದ್ಯೆ ಉಳಿಯುತ್ತದೆ, ಹೊಸಬರೂ ಕಲಿಯುತ್ತಾರೆ. ಒಂದು ಎಂಜಿನ್ನನ್ನು ಒಮ್ಮೆ ದುರಸ್ತಿ ಮಾಡಿ, ಹಾರ ಹಾಕಿ, ಬಾವುಟ ತೋರಿಸಿದ ಮಾತ್ರಕ್ಕೆ ಅದು ಬದುಕಿದಂತಲ್ಲ. ಆ ಮೇಲೂ ಅದನ್ನು ತೊಳೆಯುವ, ಬಡಿದು ಆಲಿಸುವ, ಎಣ್ಣೆ ಹಾಕುವ ಜನ ನಿತ್ಯ ಬೇಕು.

ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ನಿಂತಿರುವ ಎಂಜಿನ್‌ಗಳು ಬಣ್ಣ ಬಳಿಸಿಕೊಂಡು ಇನ್ನೂ ನೂರು ವರ್ಷ ನಿಲ್ಲಬಹುದು. ಅವುಗಳಲ್ಲಿ ಉಗಿ ಏರಿಸಬಲ್ಲ ಕೈಗಳಿಗೆ ಅಷ್ಟು ಕಾಲ ಇಲ್ಲ.