ಗ್ರಹಣಕ್ಕೂ ಮೊದಲೇ ಮೂಡಿದ ಮುಖ

2025ರ ಸೆಪ್ಟೆಂಬರ್ 7, ಚಂದ್ರಗ್ರಹಣದ ದಿನ. ನಾನು ಸುರಪುರ ತಾಲ್ಲೂಕಿನಲ್ಲಿರುವ ಅಕ್ಕನ ಮನೆಯಲ್ಲಿದ್ದೆ. ಅಕ್ಕನಿಗೆ ಆಗ ಐದು ತಿಂಗಳು. ಅವಳ ಅತ್ತೆ ಸಂಜೆಗೇ ಊಟ ಮಾಡಿಸಿ ಅವಳನ್ನು ಕೋಣೆಗೆ ಕಳಿಸಿದರು. ಚಾಕು, ಕತ್ತರಿ, ಈಳಿಗೆ ಎಲ್ಲವನ್ನೂ ಅಟ್ಟಕ್ಕೆ ಏರಿಸಿದರು. ಗ್ರಹಣ ಬಿಡುವವರೆಗೆ ಹನಿ ನೀರೂ ಇಲ್ಲ. ಅಕ್ಕ ಎದುರಾಡಲಿಲ್ಲ. ಚೊಚ್ಚಲ ಬಾಣಂತನದಲ್ಲಿ ಕೇಳಿದ ಮಾತು ಅವಳಿಗೆ ಇನ್ನೂ ಮರೆತಿರಲಿಲ್ಲ.

2019ರ ಡಿಸೆಂಬರ್ 26ರಂದು ಬೆಳಿಗ್ಗೆ ಸೂರ್ಯಗ್ರಹಣವಿತ್ತು. ಹತ್ತಿ ಬಿಡಿಸುವ ಕಾಲ. ಎಂಟು ತಿಂಗಳ ಬಸುರಿ ಅಕ್ಕ ಆಳುಗಳ ಬುತ್ತಿಗೆಂದು ಬದನೆಕಾಯಿ ಹೆಚ್ಚಿದ್ದಳು. ಫೆಬ್ರುವರಿಯಲ್ಲಿ ಹುಟ್ಟಿದ ಮಗನ ಮೇಲ್ದುಟಿ ಸೀಳಿತ್ತು. "ಗ್ರಹಣದಾಗ ಬದನಿಕಾಯಿ ಹೆಚ್ಚಿದಿ, ಅದಕ್ಕ ಕೂಸಿನ ತುಟಿ ಸೀಳ್ಯಾದ" ಎಂದರು ಅತ್ತೆ. ಆಪರೇಷನ್ ಆಗುವವರೆಗೂ ಅಕ್ಕ ಶಹಾಪುರದ ನಮ್ಮ ಮನೆಯಲ್ಲೇ ಉಳಿದಳು. ಕರೆಯಲು ಯಾರೂ ಬರಲಿಲ್ಲ. ಅದೇ ಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಹೂತದ್ದು ಪತ್ರಿಕೆಗಳಲ್ಲಿ ಬಂದಿತ್ತು. ಗ್ರಹಣ ಒಂದು ಕಡೆ ಅಂಗವೈಕಲ್ಯಕ್ಕೆ ಕಾರಣ, ಇನ್ನೊಂದು ಕಡೆ ಅದಕ್ಕೇ ಮದ್ದು!

ನಾನಾಗ ಹತ್ತನೇ ತರಗತಿ. ಏನು ಹೇಳಬೇಕೆಂದು ತಿಳಿಯಲಿಲ್ಲ. ಬಿ.ಎಸ್ಸಿ.ಯಲ್ಲಿ ಭ್ರೂಣಶಾಸ್ತ್ರದ ಪಾಠ ಕೇಳಿದ ಮೇಲೆ ಉತ್ತರ ಸಿಕ್ಕಿತು.

ಗರ್ಭ ಕಟ್ಟಿದ ನಾಲ್ಕನೇ ವಾರದಲ್ಲಿ ಭ್ರೂಣ ತೊಗರಿಕಾಳಿಗಿಂತ ದೊಡ್ಡದಿರುವುದಿಲ್ಲ. ಆಗಲೇ ಮುಖದ ಕೆಲಸ ಶುರು. ಬಾಯಿ ಆಗಬೇಕಾದ ಕುಳಿಯ ಸುತ್ತ ಐದು ದಿಬ್ಬಗಳು ಏಳುತ್ತವೆ. ಮೇಲೆ ಹಣೆ–ಮೂಗಿನದು ಒಂದು, ಪಕ್ಕಗಳಲ್ಲಿ ಮೇಲ್ದವಡೆಯವು ಎರಡು, ಕೆಳಗೆ ಕೆಳದವಡೆಯವು ಎರಡು. ಮೊದಲು ತಲೆಯ ಎರಡು ಬದಿಗಿರುವ ಕಣ್ಣುಗಳು ನಿಧಾನಕ್ಕೆ ಮುಂದಕ್ಕೆ ಬರುತ್ತವೆ. ಮೂಗಿನ ಕಡೆಯಿಂದ ಇಳಿದ ಭಾಗಗಳು ನಡುವೆ ಒಂದಾಗುತ್ತವೆ, ಮೇಲ್ದವಡೆಯ ದಿಬ್ಬಗಳು ಎರಡೂ ಪಕ್ಕದಿಂದ ಬಂದು ಅವಕ್ಕೆ ಕೂಡಿಕೊಳ್ಳುತ್ತವೆ. ಏಳನೇ ವಾರದ ಹೊತ್ತಿಗೆ ಮೇಲ್ದುಟಿ ಸಿದ್ಧ. ಮೂಗಿನ ಕೆಳಗೆ ಬೆರಳಿಟ್ಟು ನೋಡಿ, ಸಣ್ಣ ತಗ್ಗು ಸಿಗುತ್ತದೆ. ಅದರ ಅಕ್ಕಪಕ್ಕದ ಏಣುಗಳ ಬಳಿಯೇ ಈ ಕೂಡಿಕೆ ನಡೆದದ್ದು. ಅಲ್ಲಿ ಕೂಡದೆ ಉಳಿದರೆ ಸೀಳುತುಟಿ.

ಆ ರಾತ್ರಿ ಟ್ರಂಕಿನಿಂದ ಅಕ್ಕನ ಹಳೆಯ ತಾಯಿ ಕಾರ್ಡ್ ತೆಗೆಸಿದೆ. ಕೊನೆಯ ಮುಟ್ಟಿನ ದಿನ 2019ರ ಮೇ 8. ಲೆಕ್ಕ ಹಾಕಿದರೆ ಜುಲೈ ಎರಡನೇ ವಾರದೊಳಗೇ ತುಟಿಯ ಕೆಲಸ ಮುಗಿದಿತ್ತು. ಬದನೆಕಾಯಿ ಹೆಚ್ಚಿದ್ದು ಅದಾಗಿ ಐದು ತಿಂಗಳ ಮೇಲೆ!

"ಅತ್ತಿ, ನಮ್ಮ ಶಹಾಪುರದ ಮಲಗಿದ ಬುದ್ಧನ್ನ ನೋಡೀರಲ್ಲ? ಹತ್ತಿರ ಹೋದ್ರ ಬ್ಯಾರೆ ಬ್ಯಾರೆ ಗುಡ್ಡ. ಮುಖಾನೂ ಹಂಗ, ಐದು ದಿಬ್ಬ ಕೂಡಿ ಆಗ್ತದ. ಅಕ್ಕ ಬಸುರಿ ಅಂತ ಊರಿಗೆ ಗೊತ್ತಾಗೂದ್ರಾಗ ಆ ಕೆಲಸ ಮುಗಿದಿತ್ತು" ಎಂದೆ. ಅವರು ಕಾರ್ಡನ್ನೇ ನೋಡುತ್ತಾ ಕುಳಿತರು.

ಹಾಗಾದರೆ ಕಾರಣವೇನು? ಒಂದೇ ಅಲ್ಲ. ವಂಶವಾಹಿಗಳು, ತಾಯಿಯ ಸಕ್ಕರೆ ಕಾಯಿಲೆ, ಧೂಮಪಾನ, ಮೂರ್ಛೆರೋಗದ ಕೆಲವು ಮಾತ್ರೆಗಳು ಹೀಗೆ ಹಲವು. ಎಷ್ಟೋ ಮಕ್ಕಳಲ್ಲಿ ಇಂಥದ್ದೇ ಎಂದು ಬೆರಳಿಟ್ಟು ತೋರಿಸಲಾಗದು. ಒಂದು ಮಗುವಿಗಿದ್ದರೆ ಮುಂದಿನದಕ್ಕೆ ಸಾಧ್ಯತೆ ತುಸು ಹೆಚ್ಚು ಎಂಬುದೂ ನಿಜ. ಅದಕ್ಕೆ ಬೇಕಾದದ್ದು ಕತ್ತಲೆ ಕೋಣೆಯಲ್ಲ, ವೈದ್ಯರ ಸಲಹೆಯಂತೆ ಮೊದಲಿನಿಂದಲೇ ಫೋಲಿಕ್ ಆಮ್ಲದ ಮಾತ್ರೆ ಮತ್ತು ಐದನೇ ತಿಂಗಳ ಸ್ಕ್ಯಾನ್.

ಸೀಳುತುಟಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಬಾಯೊಳಗಿನ ಅಂಗಳವೂ ಸೀಳಿದ್ದರೆ ಅದಕ್ಕೆ ಒಂದು ವರ್ಷದ ಆಸುಪಾಸಿನಲ್ಲಿ ಇನ್ನೊಂದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಚಿಕಿತ್ಸೆ ಇದೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ನಮ್ಮ ಹುಡುಗನಿಗೆ ಲಾಕ್‌ಡೌನ್‌ನಿಂದ ತಡವಾಗಿ, ಎಂಟನೇ ತಿಂಗಳಲ್ಲಿ ಧಾರವಾಡದಲ್ಲಿ ಆಪರೇಷನ್ ಆಯಿತು. ಈಗ ಶಾಲೆಗೆ ಹೋಗುತ್ತಾನೆ, ಬಾಯಿ ಮುಚ್ಚಿಸುವುದೇ ಕಷ್ಟ.

ಗ್ರಹಣ ಇನ್ನೂ ಬಿಟ್ಟಿರಲಿಲ್ಲ. ಅತ್ತೆ ಎದ್ದು ತಂಬಿಗೆ ತುಂಬ ನೀರು ತಂದು ಅಕ್ಕನ ಮುಂದಿಟ್ಟರು. "ನೀ ಹೇಳಿದ್ದು ಖರೇ ಇರಬೌದು. ಆದ್ರ ಈಳಗಿ ಮಾತ್ರ ಮುಂಜಾನಿ ತನಕ ಮ್ಯಾಲೇ ಇರ್ಲಿ" ಎಂದರು. ಇರಲಿ ಬಿಡಿ ಎಂದೆ. ಅಕ್ಕ ನೀರು ಕುಡಿದಳು.