ಅಂಗಡೀಲಿ ಸಿಗದ ‘ಕಿರಿಕ್ ಪಾರ್ಟಿ’ ಕಾಂಟೆಸ್ಸಾ: ಆಟಿಕೆ ಕಾರನ್ನು ಸಿನಿಮಾ ಕಾರು ಮಾಡೋದು ಹೇಗೆ?

ಇವತ್ತಿನ ಕಂತಿಗೆ ವಿಷಯ ಕೊಟ್ಟಿದ್ದು ಮಾಲೂರಿನ ಒಬ್ಬ ಕೇಳುಗ. ವಾಯ್ಸ್ ನೋಟ್‌ನಲ್ಲಿ ಇದ್ದಿದ್ದು ಇಷ್ಟೇ: “ಅಣ್ಣಾ, ‘ಕಿರಿಕ್ ಪಾರ್ಟಿ’ಯ ಹಳದಿ ಕಾಂಟೆಸ್ಸಾ ಚಿಕ್ಕ ಮಾಡೆಲ್ ಹುಡುಕಿ ಹುಡುಕಿ ಸಾಕಾಯ್ತು. ನಾನೇ ಮಾಡ್ಕೊಬೋದಾ?”

ಮಾಡ್ಕೊಬೋದು. ಆದ್ರೆ ಮೊದಲು, ಅದು ಅಂಗಡೀಲಿ ಯಾಕೆ ಸಿಗಲ್ಲ ಅಂತ ನೋಡೋಣ. ‘ಬ್ಯಾಕ್ ಟು ದ ಫ್ಯೂಚರ್’ನ ಡಿಲೋರಿಯನ್, ಬ್ಯಾಟ್‌ಮನ್ ಕಾರು ಇವೆಲ್ಲ ಹಾಟ್ ವೀಲ್ಸ್‌ನಲ್ಲೇ ಬಂದಿವೆ. ಸ್ಟುಡಿಯೋದವರು ಹಕ್ಕು ಕೊಡ್ತಾರೆ, ಕಂಪನಿಯವರು ಲಕ್ಷಗಟ್ಟಲೆ ಅಚ್ಚು ಹಾಕ್ತಾರೆ. ನಮ್ಮ ಕನ್ನಡ ಸಿನಿಮಾದ ಕಾರುಗಳಿಗೆ ಆ ಯೋಗ ಇಲ್ಲ. 2016ರ ಡಿಸೆಂಬರ್ 30ಕ್ಕೆ ಬಂದ ‘ಕಿರಿಕ್ ಪಾರ್ಟಿ’ಯಲ್ಲಿ ಕರ್ಣ ಮತ್ತು ಗ್ಯಾಂಗ್ ದುಡ್ಡು ಒಟ್ಟುಹಾಕಿ ತಗೊಳ್ಳೋ ಆ ಹಳೇ ಕಾರು ಒಂದು ಪಾತ್ರದ ಥರಾನೇ ಇದೆ. ಆದರೂ ಅದು ನಿಮ್ಮ ಶೆಲ್ಫ್ ಮೇಲೆ ಬರಬೇಕು ಅಂದ್ರೆ ನಿಮ್ಮ ಕೈಯಿಂದಲೇ ಬರಬೇಕು.

ನಿಜವಾದ ಕಾಂಟೆಸ್ಸಾನೇ ಈಗ ಅಪರೂಪ. ಹಿಂದೂಸ್ತಾನ್ ಮೋಟಾರ್ಸ್ ಇದನ್ನು 1984ರಿಂದ 2002ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸ್ತು. ವಿನ್ಯಾಸ ಮೂಲತಃ ಬ್ರಿಟನ್‌ನ ವಾಕ್ಸ್‌ಹಾಲ್ ವಿಕ್ಟರ್ ಕಾರಿನದು. ಅಷ್ಟು ದೊಡ್ಡ ಗಾಡಿಗೆ ಶುರುವಿನಲ್ಲಿ ಅಂಬಾಸಿಡರ್ ಕಾಲದ 1.5 ಲೀಟರ್ ಎಂಜಿನ್ ಕೂರಿಸಿದ್ದರು, ಪಾಪ ಎಳೆಯೋಕೆ ಒದ್ದಾಡ್ತಿತ್ತು. ಆಮೇಲೆ ಇಸುಜು 1.8 ಲೀಟರ್ ಎಂಜಿನ್ ಬಂದ ಮೇಲೆ ‘ಕಾಂಟೆಸ್ಸಾ ಕ್ಲಾಸಿಕ್’ಗೆ ಸ್ವಲ್ಪ ಜೀವ ಬಂತು.

ಈಗ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮುಖ್ಯವಾದ್ದು ಯಾವ ಆಟಿಕೆ ಕಾರನ್ನು ತಗೊಂಡು ಬದಲಾಯಿಸ್ತೀರಿ ಅನ್ನೋದು. ಕಾಂಟೆಸ್ಸಾ ಉದ್ದ ಸುಮಾರು 4.6 ಮೀಟರ್. 64ರಿಂದ ಭಾಗಿಸಿ, 72 ಮಿಲಿಮೀಟರ್ ಬರುತ್ತೆ. ಅಂಗಡಿಗೆ ಹೋಗುವಾಗ ಜೇಬಲ್ಲಿ ಸ್ಕೇಲ್ ಇರಲಿ. ಪ್ಯಾಕೆಟ್ ಮೇಲಿನ ಅಳತೆಯನ್ನು ನಂಬಬೇಡಿ: ಸಣ್ಣ ಆಟಿಕೆ ಕಾರುಗಳನ್ನು ‘1:64’ ಅಂತ ಕರೆದರೂ, ಕಂಪನಿಗಳು ಒಂದೇ ಗಾತ್ರದ ಪ್ಯಾಕೆಟ್‌ಗೆ ಹೊಂದಿಸೋಕೆ ಲಾರಿಯನ್ನು ಕುಗ್ಗಿಸಿ, ಚಿಕ್ಕ ಕಾರನ್ನು ಹಿಗ್ಗಿಸಿರ್ತಾವೆ. ನಿಮಗೆ ಬೇಕಾಗಿರೋದು ನಾಲ್ಕು ಬಾಗಿಲಿನ, ಚಪ್ಪಟೆ ಬಾನೆಟ್‌ನ, 70ರ ದಶಕದ ಪೆಟ್ಟಿಗೆ ಆಕಾರದ ಸೆಡಾನ್. ಎರಡು ಬಾಗಿಲಿನ ಮಸಲ್ ಕಾರು ಮುಂದಿನಿಂದ ಹತ್ತಿರ ಅನ್ನಿಸಿದರೂ ತಗೋಬೇಡಿ. ಮುಖ ತಿದ್ದೋದು ಸುಲಭ, ಚಾವಣಿ ಮತ್ತು ಕಿಟಕಿಯ ಗೆರೆ ತಿದ್ದೋದು ಮಹಾ ಕಷ್ಟ. ಮೊದಲ ಪ್ರಯತ್ನಕ್ಕೆ ಇನ್ನೂರು ರೂಪಾಯಿ ಆಸುಪಾಸಿನದು ಸಾಕು. ಸಂಗ್ರಹಕಾರರು ಹುಡುಕ್ತಿರೋ ಹಳೇ ಮಾಡೆಲ್ ನಿಮ್ಮ ಮನೇಲಿದ್ದರೆ ದಯವಿಟ್ಟು ಅದಕ್ಕೆ ಡ್ರಿಲ್ ಇಡಬೇಡಿ.

ಡೈಕಾಸ್ಟ್ ಅಂದ್ರೆ ಕರಗಿದ ಲೋಹವನ್ನು ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಕ್ಕೆ ನುಗ್ಗಿಸೋದು. ಹೆಂಚಿನ ಫ್ಯಾಕ್ಟರಿ ನೋಡಿ ಬೆಳೆದ ಮಾಲೂರಿನವರಿಗೆ ಅಚ್ಚಿನ ಬಗ್ಗೆ ನಾನೇನು ಹೇಳೋದು! ಇಲ್ಲಿ ಮಣ್ಣಿನ ಬದಲು ಸತುವಿನ ಮಿಶ್ರಲೋಹ. ಇದು 400 ಡಿಗ್ರಿಯೊಳಗೇ ಕರಗಿಬಿಡುತ್ತೆ, ಹಾಗಾಗಿ ಗ್ಯಾಸ್ ಟಾರ್ಚ್ ಹಿಡಿಯೋ ಐಡಿಯಾ ಬಿಟ್ಟುಬಿಡಿ.

ಕಾರನ್ನು ತಿರುಗಿಸಿ ನೋಡಿ. ತಳದಲ್ಲಿ ಎರಡು ದುಂಡನೆ ರಿವೆಟ್ ಕಾಣುತ್ತೆ. ಕಾರನ್ನು ಬಟ್ಟೆ ಸುತ್ತಿ ವೈಸ್‌ನಲ್ಲಿ ಹಿಡಿಸಿ, ಕನ್ನಡಕ ಹಾಕ್ಕೊಂಡು, ಮೊದಲು 2 ಮಿಲಿಮೀಟರ್ ಬಿಟ್‌ನಿಂದ ನಡುವೆ ಗುಳಿ ಮಾಡಿ. ಆಮೇಲೆ 4 ಮಿಲಿಮೀಟರ್ ಬಿಟ್ ಹಾಕಿದರೆ ರಿವೆಟ್‌ನ ತಲೆ ಮಾತ್ರ ಸುರುಳಿಯಾಗಿ ಎದ್ದು ಬರುತ್ತೆ. ಅಲ್ಲಿಗೆ ನಿಲ್ಲಿಸಿ. ಬಾಡಿ, ಗಾಜು, ಸೀಟು, ತಳ, ಚಕ್ರ ಎಲ್ಲಾ ಬೇರೆ ಬೇರೆ ಆಗುತ್ತೆ.

ಬಣ್ಣ ತೆಗೆಯೋಕೆ ಪೇಂಟ್ ರಿಮೂವರ್ ಸಾಕು. ಬಾಡಿಗೆ ಮಾತ್ರ ಹಚ್ಚಿ, ಪ್ಲಾಸ್ಟಿಕ್ ಭಾಗಕ್ಕೆ ತಗುಲಿದರೆ ಕರಗಿಹೋಗುತ್ತೆ. ಕೈಗವಸು ಬೇಕೇ ಬೇಕು, ಕೆಲಸ ಮಾಳಿಗೆ ಮೇಲೆ, ಒಲೆಯಿಂದ ದೂರ. ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ ಅಂತ ಕೆಲವು ವಿಡಿಯೋಗಳು ಹೇಳ್ತವೆ. ಅದು ಸತುವನ್ನೂ ತಿನ್ನುತ್ತೆ, ಜೊತೆಗೆ ಹೈಡ್ರೋಜನ್ ಅನಿಲ ಬಿಡುತ್ತೆ. ಮುಚ್ಚಿದ ಡಬ್ಬಿಯಲ್ಲಂತೂ ಬೇಡವೇ ಬೇಡ.

ಆಮೇಲೆ ಆಕಾರ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳಿಗೆ ಒಮ್ಮೆ ಕಲ್ಲು ಎದ್ದರೆ ಮತ್ತೆ ಅಂಟಿಸೋ ದಾರಿ ಇಲ್ಲ. ನಿಮಗೆ ಆ ಭಯ ಇಲ್ಲ, ಎಂ-ಸೀಲ್ ಇದೆ. ಹೆಚ್ಚಿದ್ದ ಕಡೆ ಅರದಿಂದ ಉಜ್ಜಿ, ಕಡಿಮೆ ಇದ್ದ ಕಡೆ ಎಂ-ಸೀಲ್ ಮೆತ್ತಿ. ಪೂರ್ತಿ ಗಟ್ಟಿಯಾದ ಮೇಲೆ 400, 800, 1000 ನಂಬರಿನ ವಾಟರ್ ಪೇಪರ್‌ನಲ್ಲಿ ನೀರು ಹಾಕ್ಕೊಂಡು ತಿಕ್ಕಿ. ಕಾಂಟೆಸ್ಸಾದ ಮುಖಕ್ಕೆ ಎರಡೂ ಬದಿ ಜೋಡಿ ದುಂಡನೆ ಹೆಡ್‌ಲೈಟ್ ಬೇಕು. ಬಟ್ಟೆ ಹೊಲಿಯೋ ದಪ್ಪ ಗುಂಡುಪಿನ್‌ನ ತಲೆಗೆ ಬೆಳ್ಳಿ ಬಣ್ಣ ಹಚ್ಚಿದರೆ ಮುಗೀತು.

ಈಗ ಹಳದಿ. ತುಂಬಾ ಜನ ಸೋಲೋದು ಇಲ್ಲೇ. ಹಳದಿ ಪೇಂಟ್ ಸಾಮಾನ್ಯವಾಗಿ ತೆಳು, ಕೆಳಗಿನ ಬಣ್ಣ ಮೇಲೆ ಇಣುಕುತ್ತೆ. ಬೂದು ಪ್ರೈಮರ್ ಮೇಲೆ ನೇರವಾಗಿ ಹೊಡೆದರೆ ಹಸಿರು ಮಿಶ್ರಿತ, ಕಾಯಿಲೆ ಬಂದಂಥ ಹಳದಿ ಸಿಗುತ್ತೆ. ಪ್ರೈಮರ್ ಒಣಗಿದ ಮೇಲೆ ಬಿಳಿ ಹೊಡೀರಿ, ಅದರ ಮೇಲೆ ಹಳದಿ. ಒಂದೇ ಸಲ ದಪ್ಪ ಅಲ್ಲ, ಮೂರು ನಾಲ್ಕು ತೆಳು ಪದರ, ನಡುವೆ ಹತ್ತು ಹದಿನೈದು ನಿಮಿಷ ಬಿಡುವು.

ಯಾವ ಹಳದಿ ಅನ್ನೋದು ಇನ್ನೊಂದು ತಲೆನೋವು. ಸಿನಿಮಾದಲ್ಲಿ ಕಾಣೋದು ಕಾರಿನ ಬಣ್ಣ ಅಲ್ಲ, ಕಲರ್ ಗ್ರೇಡಿಂಗ್ ಆದ ಬಣ್ಣ. ಅದರ ಮೇಲೆ ನಿಮ್ಮ ಫೋನ್ ಸ್ಕ್ರೀನ್‌ನ ಮಸಾಲೆ ಬೇರೆ. ಹಾಡಿನ ಒಂದೇ ಒಂದು ಸ್ಕ್ರೀನ್‌ಶಾಟ್ ಹಿಡ್ಕೊಂಡು ಪೇಂಟ್ ಅಂಗಡಿಗೆ ಓಡಬೇಡಿ. ಹಗಲು, ನೆರಳು, ರಾತ್ರಿ ಮೂರೂ ದೃಶ್ಯ ಪಾಸ್ ಮಾಡಿ ಹೋಲಿಸಿ. ಇನ್ನೊಂದು ಗುಟ್ಟು: ದೊಡ್ಡ ಕಾರಿನ ಬಣ್ಣವನ್ನೇ ಚಿಕ್ಕದಕ್ಕೆ ಹಚ್ಚಿದರೆ ಗಾಢವಾಗಿ ಕಾಣುತ್ತೆ, ಅದಕ್ಕೆ ಒಂದು ಛಾಯೆ ತಿಳಿಯಾಗಿರಲಿ.

ಮಾಲೂರಿನವರಿಗೆ ಅಂತಲೇ ಒಂದು ಮಾತು. ಇಟ್ಟಿಗೆ ಗೂಡು, ಹೆಂಚಿನ ಫ್ಯಾಕ್ಟರಿ ಹತ್ತಿರ ಮನೆ ಇದ್ದರೆ ಕೆಂಪು ಧೂಳು ಹಸಿ ಬಣ್ಣದ ಮೇಲೆ ಕೂತ್ಕೊಳ್ಳುತ್ತೆ. ಹೊಡೆದ ತಕ್ಷಣ ಬಕೆಟ್ ಬೋರಲು ಹಾಕಿ ಮುಚ್ಚಿ. ಮಳೆಗಾಲದ ಸಂಜೆ, ಮಂಜಿನ ಬೆಳಿಗ್ಗೆ ಸ್ಪ್ರೇ ಬೇಡ. ತೇವ ಸಿಕ್ಕಿಹಾಕ್ಕೊಂಡು ಮೇಲಿನ ಕ್ಲಿಯರ್ ಕೋಟ್ ಹಾಲಿನಂತೆ ಬೆಳ್ಳಗಾಗುತ್ತೆ.

ಎಲ್ಲಾ ಫಳಫಳ ಹೊಳೀಬೇಕಾ? ನನ್ನ ಪ್ರಕಾರ ಬೇಡ. 1968ರ ‘ಬುಲಿಟ್’ ಸಿನಿಮಾದಲ್ಲಿ ಸ್ಟೀವ್ ಮೆಕ್‌ಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್ 2020ರ ಜನವರಿಯಲ್ಲಿ ಹರಾಜಾಯ್ತು, ಕೂಗು ನಿಂತಿದ್ದು 34 ಲಕ್ಷ ಡಾಲರ್‌ಗೆ. ಮಾಲೀಕರು ಅದರ ಗೀರು, ತುಕ್ಕು ಯಾವುದನ್ನೂ ತಿದ್ದಿಸಿರಲಿಲ್ಲ. ಹುಡುಗರು ದುಡ್ಡು ಕೂಡಿಸಿ ತಗೊಂಡ ಸೆಕೆಂಡ್ ಹ್ಯಾಂಡ್ ಕಾರು ಶೋರೂಮ್ ಕಾರಿನಂತೆ ಕಂಡರೆ ಕಥೆಯೇ ಹೋಯ್ತು. ನೀರಾಗಿಸಿದ ಕಪ್ಪು ಬಣ್ಣವನ್ನು ಬಾಗಿಲಿನ ಸಂದಿಗೆ ಹರಿಸಿ, ಮೇಲಿಂದ ಒರೆಸಿ. ಚಕ್ರದ ಹಿಂದೆ ಸ್ವಲ್ಪ ಕಂದು ಮಣ್ಣು.

ಕೊನೆಗೆ ನಂಬರ್ ಪ್ಲೇಟ್. ನಿಜವಾದ ಪ್ಲೇಟ್ 500 ಮಿಲಿಮೀಟರ್ ಉದ್ದ, 120 ಎತ್ತರ. 1:64ಕ್ಕೆ ಇಳಿಸಿದರೆ ಹತ್ತಿರ ಹತ್ತಿರ 8 ಮಿಲಿಮೀಟರ್ ಉದ್ದ, 2 ಎತ್ತರ. ಮನೆ ಪ್ರಿಂಟರ್‌ಗೆ ಬಿಳಿ ಬಣ್ಣ ಮುದ್ರಿಸೋಕೆ ಬರಲ್ಲ, ಹಾಗಾಗಿ ಪಾರದರ್ಶಕ ಡೆಕಲ್ ಹಾಳೆ ಬೇಡ, ಬಿಳಿ ಹಾಳೆ ತಗೊಳ್ಳಿ. ಮುದ್ರಿಸಿದ ಮೇಲೆ ಕ್ಲಿಯರ್ ಹೊಡೀದೆ ನೀರಿಗೆ ಹಾಕಿದರೆ ಇಂಕ್‌ಜೆಟ್ ಶಾಯಿ ಕರಗಿಹೋಗುತ್ತೆ. ಸಿನಿಮಾದ ನಂಬರ್ ಬೇಕಂದ್ರೆ ದೃಶ್ಯ ನಿಲ್ಲಿಸಿ ಓದ್ಕೊಳ್ಳಿ. ನಿಮ್ಮೂರಿನ ಗುರುತು ಬೇಕಂದ್ರೆ ಕೆಎ 07 ಕೋಲಾರದ್ದು, ಕೆಎ 08 ಕೆಜಿಎಫ್‌ನದು. ಆದ್ರೆ ಮುಂದೊಂದು ದಿನ 70ರ ದಶಕದ ಕಥೆಯ ಕಾರು ಮಾಡೋಕೆ ಹೊರಟರೆ ‘ಕೆಎ’ ಹಾಕಬೇಡಿ, ಆ ಪದ್ಧತಿ ಬಂದಿದ್ದೇ 1989ರ ಮೇಲೆ.

ಡೆಕಲ್ ಮೇಲೆ ಇನ್ನೊಂದು ತೆಳು ಕ್ಲಿಯರ್ ಕೋಟ್, ಒಂದಿಡೀ ದಿನ ಒಣಗಲಿ. ರಿವೆಟ್ ಇದ್ದ ಕಂಬಕ್ಕೆ ಸಣ್ಣ ತೂತು ಕೊರೆದು ಕನ್ನಡಕದ ಅಂಗಡಿಯಲ್ಲಿ ಸಿಗೋ ಪುಟ್ಟ ಸ್ಕ್ರೂ ಹಾಕಿ. ಅಂಟು ಬೇಡ, ಯಾಕಂದ್ರೆ ಹೇಗೂ ಒಂದು ವಾರ ಬಿಟ್ಟು ನೀವದನ್ನು ಮತ್ತೆ ಬಿಚ್ತೀರಿ.