ಎದೆ ಹಿಡಿದುಕೊಂಡು ಬೀಳುವ ಅಪ್ಪ... ಬರೀ ನಟನೆಯೇ?

ಈ ದೃಶ್ಯವನ್ನು ಎಷ್ಟು ಚಿತ್ರಗಳಲ್ಲಿ ನೋಡಿಲ್ಲ ನಾವು! ಕೆಟ್ಟ ಸುದ್ದಿಯ ಟೆಲಿಗ್ರಾಂ ಬರುತ್ತದೆ. ಅಪ್ಪ ಓದುತ್ತಾರೆ. ಕೈ ಎದೆಗೆ ಹೋಗುತ್ತದೆ, ಕನ್ನಡಕ ಜಾರುತ್ತದೆ, ಪಿಟೀಲು ಅಳತೊಡಗುತ್ತದೆ... ಗಾಂಧಿ ಕ್ಲಾಸಿನಿಂದ ಒಂದು ಕೂಗು: “ಹಿಂಗೆಲ್ಲಾ ಆಗುತ್ತೇನ್ರೋ!”

ಆಗುತ್ತೆ ಸ್ವಾಮಿ, ಆಗುತ್ತೆ!

1990ರಲ್ಲಿ ಜಪಾನಿನ ವೈದ್ಯರು ಇಂಥದೊಂದು ಕಾಯಿಲೆಗೆ ‘ತಾಕೊತ್ಸುಬೊ’ ಎಂದು ಹೆಸರಿಟ್ಟರು. ಅದು ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರು. ತಡೆಯಲಾರದ ದುಃಖವೋ ಭಯವೋ ಎರಗಿದಾಗ ಅಡ್ರಿನಲಿನ್‌ನಂಥ ರಸಗಳು ರಕ್ತಕ್ಕೆ ನುಗ್ಗುತ್ತವೆ. ಹೃದಯದ ಎಡಭಾಗ ಸೋತು, ಆ ಮಡಕೆಯ ಆಕಾರಕ್ಕೆ ಉಬ್ಬುತ್ತದೆ. ನೋವು ಹಾರ್ಟ್ ಅಟ್ಯಾಕಿನದೇ; ಆದರೆ ರಕ್ತನಾಳ ಕಟ್ಟಿರುವುದಿಲ್ಲ. ಬಹುಮಂದಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಒಂದು ತಮಾಷೆ ನೋಡಿ: ಸಿನಿಮಾದಲ್ಲಿ ಬೀಳುವುದು ಅಪ್ಪ, ನಿಜದಲ್ಲಿ ಇದು ಹೆಚ್ಚಾಗಿ ಕಾಡುವುದು ವಯಸ್ಸಾದ ಅಮ್ಮಂದಿರನ್ನು!

ಹಾಗಾದರೆ ಹುಡುಗರು ಬಚಾವೇ? ಇಲ್ಲ. ನಮ್ಮದು ಸದ್ದಿಲ್ಲದೆ ಬರುವ ವಿಲನ್!

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಮುಂದೆ ನಿಂತು, 52 ದೇಶಗಳ ಸುಮಾರು 30,000 ಜನರ ಮೇಲೆ ನಡೆಸಿದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಹೊರಬಂತು. ಹೃದಯಾಘಾತಕ್ಕೆ ನಂಟಿರುವ 9 ಮುಖ್ಯ ಅಂಶಗಳಲ್ಲಿ ಸಿಗರೇಟು, ಬಿ.ಪಿ., ಸಕ್ಕರೆ ಕಾಯಿಲೆಯ ಪಕ್ಕದಲ್ಲೇ ಮನಸ್ಸಿನ ಒತ್ತಡ, ಖಿನ್ನತೆಗಳೂ ಕೂತಿದ್ದವು!

ಹೇಗೆ ಅಂತೀರಾ? ಕೊರಗು ತಿಂಗಳುಗಟ್ಟಲೆ ಒಳಗೇ ಉಳಿದರೆ ನಿದ್ದೆ ಕೆಡುತ್ತೆ, ಬಿ.ಪಿ. ಏರುತ್ತೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತೆ. ದಿನಕ್ಕೊಂದು ಸಿಗರೇಟು ಹತ್ತಾಗುತ್ತೆ. ಇದು ತಿರುಗಿಯೂ ಹೊಡೆಯುತ್ತೆ: ಹಾರ್ಟ್ ಅಟ್ಯಾಕ್ ಆದ ಐವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಹಿಡಿಯುತ್ತೆ.

2021ರ ಅಕ್ಟೋಬರ್ 29ರಂದು ನಮ್ಮ ಅಪ್ಪು 46ಕ್ಕೇ ಹೊರಟುಹೋದಾಗ, ಎದೆ ಪರೀಕ್ಷೆಗೆಂದು ಆಸ್ಪತ್ರೆಗಳ ಮುಂದೆ ಹುಡುಗರು ಸಾಲುಗಟ್ಟಿದರು. ಒಳ್ಳೇದೇ. ಆದರೆ “ಡಾಕ್ಟ್ರೇ, ರಾತ್ರಿ ನಿದ್ದೆ ಬರ್ತಿಲ್ಲ, ಯಾವುದೂ ಬೇಡ ಅನ್ಸುತ್ತೆ” ಅಂತ ಬಾಯಿಬಿಟ್ಟವರು ಎಷ್ಟು ಮಂದಿ?

ಎದೆ ನೋಯುತ್ತಿದ್ದರೆ ‘ಬರೀ ಟೆನ್ಷನ್’ ಅಂತ ಕೂರಬೇಡಿ, ಆಸ್ಪತ್ರೆಗೆ ಓಡಿ. ಮನಸ್ಸು ನೋಯುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ‘ಟೆಲಿ ಮಾನಸ್’; ಕಾಸಿಲ್ಲ, ಕನ್ನಡದಲ್ಲೇ ಮಾತು.

ತೆರೆಯ ಮೇಲಿನ ಹೀರೋ ನೋವು ನುಂಗಿಕೊಂಡರೆ ಶಿಳ್ಳೆ ಹೊಡೆಯೋಣ. ಹೊರಗೆ ಬಂದಮೇಲೆ ಮಾತ್ರ, ಗೆಳೆಯನ ಹೆಗಲ ಮೇಲೆ ಕೈಯಿಟ್ಟು ನೋವನ್ನು ಹೇಳಿಕೊಳ್ಳೋಣ!